ಜಿ-ಮ್ಯಾನ್ ಯಾರ ಕಡೆಯವನು? ಹಾಫ್-ಲೈಫ್‌ನ ಸೂಟುಧಾರಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರದ ಕಡೆ ಹಾಫ್-ಲೈಫ್ ಆಡುವವರು ಇಬ್ಬರು ಸೇರಿದರೆ ಮಾತು ಕೊನೆಗೆ ಈ ಮನುಷ್ಯನ ಹತ್ತಿರವೇ ಬಂದು ನಿಲ್ಲುತ್ತದೆ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದೆ. ಮೊದಲ ಭಾಗ ಹೊಸಬರಿಗೆ. ಅದರಾಚೆ ಎಲ್ಲ ಆಟಗಳ ಕೊನೆಯೂ ಬಯಲಾಗುತ್ತದೆ, ಆಡಿ ಮುಗಿಸದವರು ಅಲ್ಲಿಗೇ ನಿಲ್ಲಿಸಿ.

## ಶುರುವಿಗೆ

ಅಣ್ಣಾ, ಈ ಜಿ-ಮ್ಯಾನ್ ಯಾರು? ಹೀರೋನಾ, ವಿಲನ್ನಾ?

ಎರಡೂ ಅಲ್ಲ, ಅದಕ್ಕೇ ಇಷ್ಟು ಪ್ರಶ್ನೆ. ವಾಲ್ವ್ ಕಂಪನಿ 1998ರ ನವೆಂಬರ್‌ನಲ್ಲಿ ತಂದ ಹಾಫ್-ಲೈಫ್‌ನಲ್ಲಿ ನೀವು ಗಾರ್ಡನ್ ಫ್ರೀಮನ್, 27 ವರ್ಷದ ಭೌತವಿಜ್ಞಾನಿ. ನ್ಯೂ ಮೆಕ್ಸಿಕೋದ ಮರುಭೂಮಿಯಲ್ಲಿರುವ ಬ್ಲ್ಯಾಕ್ ಮೆಸಾ ಪ್ರಯೋಗಾಲಯದಲ್ಲಿ ಒಂದು ಪ್ರಯೋಗ ಕೈಕೊಟ್ಟು ಜೆನ್ ಎಂಬ ಲೋಕದ ಜೀವಿಗಳು ಒಳನುಗ್ಗುತ್ತವೆ. ಈ ಗಲಾಟೆಯುದ್ದಕ್ಕೂ ಸೂಟು ಹಾಕಿ ಬ್ರೀಫ್‌ಕೇಸ್ ಹಿಡಿದವನೊಬ್ಬ ದೂರದಲ್ಲಿ ನಿಂತು ನಿಮ್ಮನ್ನು ನೋಡುತ್ತಿರುತ್ತಾನೆ. ಟೈ ಸರಿಮಾಡಿಕೊಂಡು ನಡೆದುಬಿಡುತ್ತಾನೆ. ಕೊನೆಯಲ್ಲಿ ಎದುರಿಗೆ ಬಂದು ನಿಮಗೊಂದು ಕೆಲಸ ಕೊಡುತ್ತೇನೆ ಅನ್ನುತ್ತಾನೆ.

ಅದು ಅವನ ನಿಜವಾದ ಹೆಸರಾ?

ಅಲ್ಲ. ಮೊದಲ ಆಟದಲ್ಲಿ ಅವನನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಆಟದ ಫೈಲುಗಳಲ್ಲಿ ಅವನ ಬೊಂಬೆಗೆ ಇಟ್ಟ ಹೆಸರು ಅದು, ಆಡುವವರು ಅದನ್ನೇ ಹಿಡಿದರು. ಅಮೆರಿಕದ ಆಡುಮಾತಿನಲ್ಲಿ ಜಿ-ಮ್ಯಾನ್ ಅಂದರೆ ಸರ್ಕಾರದ ಮನುಷ್ಯ, ಮುಖ್ಯವಾಗಿ ಎಫ್‌ಬಿಐನವನು. ಮುಂದಿನ ಆಟಗಳಲ್ಲಿ ಗಾರ್ಡನ್ ಜೊತೆ ಬ್ಲ್ಯಾಕ್ ಮೆಸಾದಲ್ಲಿದ್ದ ವಿಜ್ಞಾನಿ ಏಲಿ ವ್ಯಾನ್ಸ್ (ಅಲಿಕ್ಸ್ ಇವನ ಮಗಳು) ಅವನನ್ನು ‘ನಮ್ಮಿಬ್ಬರ ಗೆಳೆಯ’ ಎಂದಷ್ಟೇ ಹೇಳುತ್ತಾನೆ, ಅದೂ ಹಲ್ಲು ಕಚ್ಚಿಕೊಂಡು.

ಯಾವ ಆಟ ಮೊದಲು ಆಡ್ಬೇಕು? ಅಲಿಕ್ಸ್ ಕಥೆ ಹಿಂದಿನದ್ದಲ್ವಾ, ಅದನ್ನೇ ಮೊದಲು ಆಡ್ಲಾ?

ಬೇಡ. ಬಿಡುಗಡೆಯಾದ ಕ್ರಮದಲ್ಲೇ ಹೋಗಿ: ಹಾಫ್-ಲೈಫ್ (1998), ಆಪೋಸಿಂಗ್ ಫೋರ್ಸ್ (1999), ಹಾಫ್-ಲೈಫ್ 2 (2004), ಎಪಿಸೋಡ್ ಒನ್ (2006), ಎಪಿಸೋಡ್ ಟು (2007), ಹಾಫ್-ಲೈಫ್: ಅಲಿಕ್ಸ್ (2020). ಅಲಿಕ್ಸ್ ಕಥೆ ಹಾಫ್-ಲೈಫ್ 2ಕ್ಕಿಂತ ಐದು ವರ್ಷ ಹಿಂದೆ ನಡೆಯುತ್ತದೆ, ನಿಜ. ಆದರೆ ಅದರ ಕೊನೆ ಎಪಿಸೋಡ್ ಟುವಿನ ಕೊನೆಗೆ ಹೋಗಿ ಕಚ್ಚಿಕೊಳ್ಳುತ್ತದೆ. ಮೊದಲೇ ಆಡಿದರೆ ಆ ಏಟು ತಗಲುವುದೇ ಇಲ್ಲ.

ಅಲಿಕ್ಸ್ ಆಡಲು ವಿಆರ್ ಹೆಡ್‌ಸೆಟ್ ಬೇಕು. ಕಂಪ್ಯೂಟರಿಗೆ ವಾಲ್ವ್ ಹೇಳಿರುವ ಕನಿಷ್ಠ ಅಗತ್ಯ ಐ5-7500 ಪ್ರೊಸೆಸರ್, 12 ಜಿಬಿ ರ‍್ಯಾಮ್, 6 ಜಿಬಿಯ ಜಿಟಿಎಕ್ಸ್ 1060 ಕಾರ್ಡ್. ಅಷ್ಟು ಹೊಂದಿಸಲಾಗದವರು ಮಾತಿಲ್ಲದ ಆಟದ ವಿಡಿಯೋ ನೋಡಿದರೆ ಸಾಕು. ವಿಡಿಯೋ ಹಾಕಿದವರ ವ್ಯಾಖ್ಯಾನ ಕಿವಿಗೆ ಬಿದ್ದರೆ ಅವರ ಥಿಯರಿಯೇ ನಿಮ್ಮದಾಗಿಬಿಡುತ್ತದೆ.

ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ನಿಲ್ಲಲ್ಲ, ನೆಟ್ಟೂ ಇಲ್ಲ. ಆಡೋದು ಹೆಂಗೆ?

ಕಕ್ಕಡ ತಿಂಗಳಲ್ಲಿ ಮರ ಬಿದ್ದು ಲೈನ್ ಹೋದರೆ ಎರಡು ದಿನವೂ ಆಗಬಹುದು, ಆದ್ದರಿಂದ ತಯಾರಿ ಜೂನ್‌ಗೆ ಮೊದಲೇ ಆಗಲಿ. ವಾಲ್ವ್‌ನ ಆನ್‌ಲೈನ್ ಆಟದಂಗಡಿ ಸ್ಟೀಮ್‌ನಲ್ಲಿ ಆಟ ಪೂರ್ತಿ ಇಳಿದ ಮೇಲೆ ನೆಟ್ ಇರುವಾಗಲೇ ಒಮ್ಮೆ ಆಟ ತೆರೆದು ಮುಚ್ಚಿ, ಆಮೇಲೆ ಆಫ್‌ಲೈನ್ ಮೋಡ್‌ಗೆ ಹಾಕಿ. ಅರ್ಧ ಇಳಿದ ಅಪ್‌ಡೇಟ್ ಇದ್ದರೆ ಆಫ್‌ಲೈನ್‌ನಲ್ಲಿ ಆಟ ತೆರೆಯುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಡೆಸ್ಕ್‌ಟಾಪ್ ಆದರೆ ಯುಪಿಎಸ್ ಕಡ್ಡಾಯ. ಸೇವ್ ಬರೆಯುತ್ತಿರುವ ಕ್ಷಣದಲ್ಲೇ ಕರೆಂಟ್ ಹೋದರೆ ಆ ಫೈಲು ಹಾಳು. ಎಫ್6 ಒತ್ತಿದಾಗ ಆಗುವ ಕ್ವಿಕ್ ಸೇವ್ ಹಳೆಯದರ ಜಾಗಕ್ಕೇ ಬರುವುದರಿಂದ ಅದೊಂದನ್ನೇ ನಂಬಬೇಡಿ. ಪ್ರತಿ ಅಧ್ಯಾಯದ ಶುರುವಿನಲ್ಲಿ ಮೆನುವಿಗೆ ಹೋಗಿ ಬೇರೆ ಸೇವ್ ಮಾಡಿಟ್ಟುಕೊಳ್ಳಿ. ಜಿ-ಮ್ಯಾನ್ ಕಂಡ ಜಾಗಗಳನ್ನು ಮತ್ತೆ ನೋಡಲೂ ಅದೇ ಉಪಯೋಗಕ್ಕೆ ಬರುತ್ತದೆ.

ಅವನು ಮಾತಾಡೋದು ಒಂದಕ್ಷರ ಅರ್ಥ ಆಗಲ್ಲ. ನನ್ನ ಇಂಗ್ಲಿಷ್ ಸರಿ ಇಲ್ವಾ?

ನಿಮ್ಮ ಇಂಗ್ಲಿಷ್ ಸರಿಯೇ ಇದೆ. ಅವನು ಒತ್ತು ಕೊಡಬೇಕಾದ ಕಡೆ ಬಿಟ್ಟು ಬೇರೆ ಕಡೆ ಕೊಡುತ್ತಾನೆ, ಪದದ ಮಧ್ಯೆ ಉಸಿರೆಳೆಯುತ್ತಾನೆ, ‘ಸ’ಕಾರವನ್ನು ಹಾವಿನಂತೆ ಎಳೆಯುತ್ತಾನೆ. ಆ ಕಂಠ ಮೈಕೆಲ್ ಶಪೀರೋ ಅವರದು. ಮೋಜೆಂದರೆ, ಗಾರ್ಡನ್‌ನ ಖಾಸಾ ಗೆಳೆಯ ಬಾರ್ನಿಗೆ ದನಿ ಕೊಟ್ಟವರೂ ಅವರೇ. ಹಾಫ್-ಲೈಫ್ 2ರಿಂದ ಮುಂದಿನ ಆಟಗಳಲ್ಲಿ ಆಡಿಯೋ ಸೆಟ್ಟಿಂಗ್‌ಗೆ ಹೋಗಿ ಸಬ್‌ಟೈಟಲ್ ಹಾಕಿಕೊಳ್ಳಿ. ಥಿಯರಿ ಕಟ್ಟುವ ಆಸೆ ಇದ್ದರಂತೂ ಹಾಕಲೇಬೇಕು. ತಪ್ಪಾಗಿ ಕೇಳಿಸಿಕೊಂಡ ಒಂದು ಮಾತಿನ ಮೇಲೆ ಮೂರಂತಸ್ತಿನ ವಾದ ಕಟ್ಟಿದವರಿದ್ದಾರೆ.

## ಕಣ್ಣಿಗೆ ಕಾಣುವ ಸಾಕ್ಷಿ

ನಾನು ಮೊದಲನೇ ಆಟ ಪೂರ್ತಿ ಆಡಿದೆ, ಕೊನೇಲಿ ಬಿಟ್ರೆ ಎಲ್ಲೂ ಕಾಣ್ಲೇ ಇಲ್ಲ. ಎಲ್ಲಿರ್ತಾನೆ?

ಶುರುವಿನ ರೈಲು ಪ್ರಯಾಣದಲ್ಲೇ ಇದ್ದಾನೆ, ಇನ್ನೊಂದು ಬೋಗಿಯಲ್ಲಿ. ಇಳಿದು ಒಳಗೆ ಹೋದ ಮೇಲೆ ಗಾಜಿನ ಕಿಟಕಿಯ ಹಿಂದೆ ಒಬ್ಬ ವಿಜ್ಞಾನಿಯ ಜೊತೆ ವಾದ ಮಾಡುತ್ತಿರುತ್ತಾನೆ, ಮಾತು ಸ್ಪಷ್ಟವಾಗಿ ಕೇಳಿಸುವುದಿಲ್ಲ. ಪ್ರಯೋಗಕ್ಕೂ ಮೊದಲೇ ಅವನಿಗೆ ಬ್ಲ್ಯಾಕ್ ಮೆಸಾದಲ್ಲಿ ವ್ಯವಹಾರ ಇತ್ತು ಅನ್ನುವುದಕ್ಕೆ ಇದೇ ಮೊದಲ ಸಾಕ್ಷಿ. ಆಮೇಲೆ ಕಾಣುವುದೆಲ್ಲ ಎತ್ತರದಲ್ಲಿ ಅಥವಾ ಗಾಜಿನಾಚೆ. ಎಲ್ಲರೂ ಕೆಳಗಿನ ಶತ್ರುವನ್ನೇ ನೋಡುವುದರಿಂದ ತಪ್ಪಿಹೋಗುತ್ತಾನೆ. ಹೊಸ ಕೋಣೆಗೆ ಕಾಲಿಟ್ಟೊಡನೆ ಗುಂಡು ಹಾರಿಸುವ ಮೊದಲು ಒಮ್ಮೆ ತಲೆ ಎತ್ತಿ ಸುತ್ತ ನೋಡಿ.

ಹಾಫ್-ಲೈಫ್ 2ರಲ್ಲಿ ಸಮುದ್ರ ದಂಡೆಯ ‘ಹೈವೇ 17’ ಅಧ್ಯಾಯದಲ್ಲಿ ನಿಲ್ಲಿಸಿಟ್ಟ ದುರ್ಬೀನೊಂದಿದೆ. ಅದರಲ್ಲಿ ಕಣ್ಣಿಟ್ಟರೆ ಬಂಡಾಯಗಾರರ ಕರ್ನಲ್ ಒಡೆಸ್ಸಾ ಕಬೇಜ್ ಜೊತೆ ಮಾತಾಡುತ್ತ ನಿಂತಿರುತ್ತಾನೆ. ನೀವು ಅಲ್ಲಿಗೆ ತಲುಪುವಷ್ಟರಲ್ಲಿ ಇಲ್ಲ.

ಹಿಂಬಾಲಿಸಿ ಹೋದ್ರೆ? ಗುಂಡು ಹೊಡೆದ್ರೆ ಸಾಯ್ತಾನಾ?

ಸಾಯುವುದಿಲ್ಲ, ಕಾರಣವೂ ಕೋಡ್‌ನಲ್ಲಿ ಸ್ಪಷ್ಟವಾಗಿದೆ. ಮೊದಲ ಆಟದಲ್ಲಿ ಅವನಿಗೆ ಎಲ್ಲರಂತೆ 100 ಅಂಕದ ಆರೋಗ್ಯವೇ. ಆದರೆ ಪ್ರತಿ ಏಟು ಬಿದ್ದಾಗಲೂ ಆಟ ಅದನ್ನು ಅರ್ಧಕ್ಕೆ ಮತ್ತೆ ಹೊಂದಿಸುತ್ತದೆ, ಗುಂಡು ಕಲ್ಲಿಗೆ ತಾಗಿದಂತೆ ಕಿಡಿ ಹಾರಿಸಿ ಪುಟಿಯುತ್ತದೆ. ಹತ್ತು ಸಲ ಹೊಡೆದರೂ ಲೆಕ್ಕ 50ರಲ್ಲೇ.

ಹಿಂಬಾಲಿಸಲು ಹಾಫ್-ಲೈಫ್ 2ರಲ್ಲಿ ಆಪ್ಷನ್ಸ್, ಕೀಬೋರ್ಡ್, ಅಡ್ವಾನ್ಸ್ಡ್ ಅಂತ ಹೋಗಿ ಆಟಕ್ಕೆ ಆದೇಶ ಬರೆದು ಕೊಡುವ ಡೆವಲಪರ್ ಕನ್ಸೋಲ್ ತೆರೆಯುವಂತೆ ಮಾಡಿ. ಚೀಟ್ ಆನ್ ಮಾಡಿ ನೋಕ್ಲಿಪ್ ಹಾಕಿದರೆ ಗೋಡೆ ದಾಟಿ ಹಾರಬಹುದು. ಮೊದಲು ಬೇರೆ ಸೇವ್ ಮಾಡಿಡಿ. ಕಥೆಯ ಒಂದು ತುಂಡನ್ನು ಹಾರಿಸಿಬಿಟ್ಟರೆ ಮುಂದಿನ ಬಾಗಿಲು ತೆರೆಯದೆ ಅಲ್ಲೇ ಸಿಕ್ಕಿಬೀಳುತ್ತೀರಿ. ಅಷ್ಟು ಕಷ್ಟಪಟ್ಟು ಹೋದರೂ ಬಾಗಿಲ ಹಿಂದೆ ಸಿಗುವುದು ಖಾಲಿ ಜಾಗ. ‘ನೋಡಿ, ಮಾಯವಾದ, ಕಾಲವನ್ನೇ ದಾಟಿದ’ ಎಂದು ಅದಕ್ಕೆ ಅರ್ಥ ಹಚ್ಚಬೇಡಿ. ಕಣ್ಣಿಗೆ ಬೀಳದ ಬೊಂಬೆಯನ್ನು ಅಳಿಸುವುದು ಆಟ ಮಾಡುವವರ ಮಾಮೂಲಿ ಮಿತವ್ಯಯ.

ಕೋಡ್‌ನಲ್ಲಿ ಅವನನ್ನ ‘ಜನಸೇವಕ’ ಅಂತ ಬರೆದಿದ್ದಾರಂತೆ, ಹೌದಾ?

ಹೌದು. ವಾಲ್ವ್ ಹೊರಬಿಟ್ಟ ಕೋಡ್‌ನಲ್ಲಿ ಅವನ ಫೈಲಿನ ತಲೆಬರಹದಲ್ಲಿ ‘ಜನ ತಪ್ಪು ತಿಳಿದಿರುವ ಜನಸೇವಕ’ ಎಂಬರ್ಥದ ಟಿಪ್ಪಣಿ ಇದೆ. ಅದು ಪ್ರೋಗ್ರಾಮರ್‌ನ ತಮಾಷೆ. ನಕ್ಕು ಮುಂದೆ ಹೋಗಿ.

## ಥಿಯರಿಗಳು

ಅವನು ಮುಂದಿನ ಕಾಲದ ಗಾರ್ಡನ್ನೇ ಅಂತ ನನ್ನ ತಮ್ಮ ಹಟ ಹಿಡಿದಿದ್ದಾನೆ. ನಿಜ ಇರ್ಬಹುದಾ?

ಎಲ್ಲಕ್ಕಿಂತ ಜನಪ್ರಿಯ ಥಿಯರಿ, ಎಲ್ಲಕ್ಕಿಂತ ಟೊಳ್ಳು. ಅವನು ಕಾಲವನ್ನು ನಿಲ್ಲಿಸಬಲ್ಲ, ಗಾರ್ಡನ್‌ನ ಪ್ರತಿ ಹೆಜ್ಜೆಯೂ ಅವನಿಗೆ ಗೊತ್ತು, ಗಾರ್ಡನ್ ಬಾಯಿ ಬಿಡುವುದೇ ಇಲ್ಲ: ಈ ಮೂರನ್ನು ಕೂಡಿಸಿ ಕಟ್ಟಿದ್ದು. ಈಗ ಎಪಿಸೋಡ್ ಟು ನೋಡಿ. ಏಲಿ ಇಬ್ಬರನ್ನೂ ಹತ್ತಿರದಿಂದ ಬಲ್ಲವನು. ಇವನ ಮುಖ ಅವನ ಮುಖ ಒಂದೇ ಥರ ಅಂತ ಅವನಿಗೆ ಒಮ್ಮೆಯೂ ಅನಿಸುವುದಿಲ್ಲ. ಅಲಿಕ್ಸ್ ಕೊನೆಯಲ್ಲಂತೂ ಜಿ-ಮ್ಯಾನ್ ಗಾರ್ಡನ್ ಕೆಲಸ ಮಾಡಲಾರ ಅಥವಾ ಮಾಡಲೊಲ್ಲ ಎಂದು ಅವನನ್ನು ಬಿಟ್ಟು ಬೇರೆಯವರನ್ನು ಆರಿಸುತ್ತಾನೆ. ತನ್ನ ಹಿಂದಿನ ಕಾಲವನ್ನೇ ಕೆಲಸದಿಂದ ತೆಗೆದುಹಾಕಿದರೆ ತಾನು ಉಳಿಯುವುದು ಹೇಗೆ ಅಂತ ತಮ್ಮನಿಗೆ ಕೇಳಿ.

ಸರ್ಕಾರದ ಏಜೆಂಟ್ ಅಂತ ಇಟ್ಕೊಂಡ್ರೆ ಸುಲಭ ಅಲ್ವಾ?

1998ರಲ್ಲಿ ಅದು ನಿಲ್ಲುವ ವಾದವಾಗಿತ್ತು. ಹಾಫ್-ಲೈಫ್ 2ರ ಹೊತ್ತಿಗೆ ಸುಮಾರು ಇಪ್ಪತ್ತು ವರ್ಷ ಕಳೆದು ಭೂಮಿಯ ಸರ್ಕಾರಗಳೇ ಇಲ್ಲ. ಏಳು ಗಂಟೆಯ ಯುದ್ಧದಲ್ಲಿ ಎಲ್ಲವೂ ಕಂಬೈನ್ ಎಂಬ ಅನ್ಯಲೋಕದ ಸಾಮ್ರಾಜ್ಯದ ಪಾಲಾಗಿದೆ. ಇವನ ಸೂಟಿಗೆ ಮಾತ್ರ ಒಂದು ಸುಕ್ಕಿಲ್ಲ, ಮುಖಕ್ಕೆ ಒಂದು ವರ್ಷ ವಯಸ್ಸಾಗಿಲ್ಲ. ಸೂಟು ಅವನ ವೇಷ, ಹುದ್ದೆಯಲ್ಲ.

ಮನುಷ್ಯನೇ ಅಲ್ಲ ಅಂತ ಆಟದಲ್ಲೇ ಹೇಳಿದ್ದಾರಾ?

ಹತ್ತಿರ ಹತ್ತಿರ ಹೇಳಿದ್ದಾರೆ. ಮೊದಲ ಆಟದ ಕೊನೆಯ ಶತ್ರು ನಿಹಿಲಾಂತ್ ಗಾರ್ಡನ್‌ನ ತಲೆಯೊಳಗೆ ಪಿಸುಗುಡುತ್ತದೆ: ನೀನು ಮನುಷ್ಯ, ಅವನು ಮನುಷ್ಯನಲ್ಲ, ನಿನಗಾಗಿ ಕಾಯುತ್ತಿದ್ದಾನೆ. ‘ಅವನು’ ಯಾರೆಂದು ಹೆಸರಿಸುವುದಿಲ್ಲ, ಆದರೆ ಅದನ್ನು ಕೊಂದ ಮರುಕ್ಷಣ ಎದುರು ನಿಲ್ಲುವವನು ಒಬ್ಬನೇ. ಹಾಫ್-ಲೈಫ್ 2ರಲ್ಲಿ ವೋರ್ಟಿಗಾಂಟ್ ಒಂದು (ಜೆನ್‌ನಿಂದ ಬಂದು ಈಗ ಮನುಷ್ಯರ ಕಡೆ ಇರುವ ಜೀವಿ) ಇನ್ನೂ ಚೆನ್ನಾಗಿ ಹೇಳುತ್ತದೆ, ಗುಟ್ಟಾದದ್ದೊಂದು ನಮ್ಮಿಬ್ಬರನ್ನೂ ನಡೆಸುತ್ತಿದೆ, ಅದರ ಹೆಸರೆತ್ತುವುದು ಬೇಡ ಎಂದು. ಅವಸರದಲ್ಲಿ ಓಡಿದರೆ ಈ ಮಾತು ಕೇಳಿಸುವುದಿಲ್ಲ. ವೋರ್ಟಿಗಾಂಟ್ ಸಿಕ್ಕಲ್ಲೆಲ್ಲ ಎರಡು ನಿಮಿಷ ನಿಂತು, ಮತ್ತೆ ಮತ್ತೆ ಮಾತಾಡಿಸಿ.

ನಮ್ಮ ಗುಳಿಗ, ಕುಟ್ಟಿಚಾತನ ಥರ ಒಂದು ದೈವ ಅಂತ ಅಂದುಕೊಂಡ್ರೆ?

ಎಲ್ಲೆಂದರಲ್ಲಿ ನಿಂತು ನೋಡುತ್ತಾನಲ್ಲ, ಹೋಲಿಕೆ ಮನಸ್ಸಿಗೆ ಬರುವುದು ಸಹಜ. ಆದರೆ ದೈವಕ್ಕೆ ಹರಕೆ ಹೇಳಬಹುದು, ನುಡಿ ಕೇಳಬಹುದು, ತಪ್ಪಿದರೆ ತಪ್ಪುಕಾಣಿಕೆ ಇಡಬಹುದು. ಕೊಡುವುದು ಪಡೆಯುವುದು ಎರಡೂ ಕಡೆಯಿಂದ ಇದೆ. ಈ ಮನುಷ್ಯ ಕರೆಯದೆ ಬರುತ್ತಾನೆ, ಕೇಳಿದ್ದಕ್ಕೆ ಉತ್ತರಿಸುವುದಿಲ್ಲ. ಇನ್ನೂ ದೊಡ್ಡ ವ್ಯತ್ಯಾಸ, ಅವನಿಗೂ ಮೇಲಿನವರಿದ್ದಾರೆ.

ಹಾಗಾದ್ರೆ ನಿಮ್ಮ ಪ್ರಕಾರ ಅವನು ಯಾರು?

ಮೇಸ್ತ್ರಿ. ತಮಾಷೆಯಲ್ಲ, ಕಾಫಿ ತೋಟದ ಲೆಕ್ಕ ಗೊತ್ತಿರುವವರಿಗೆ ಇದು ಬೇಗ ಹಿಡಿಯುತ್ತದೆ. ಕುಯ್ಲಿನ ಕಾಲಕ್ಕೆ ಹೊರಗಿನಿಂದ ಆಳು ಕರೆತರುವ ಮೇಸ್ತ್ರಿ ತೋಟದ ಧಣಿಯಲ್ಲ, ಕಾಫಿ ಅವನದಲ್ಲ, ಹಣ್ಣು ಕುಯ್ಯುವವನೂ ಅವನಲ್ಲ. ಮುಂಗಡ ಕೊಟ್ಟು ಆಳು ಕಟ್ಟುತ್ತಾನೆ, ಇಂಥ ತೋಟಕ್ಕೆ ಇಷ್ಟು ಜನ ಅಂತ ಇಳಿಸುತ್ತಾನೆ, ಅಲ್ಲಿ ಮುಗಿದರೆ ಇನ್ನೊಂದು ತೋಟಕ್ಕೆ ಸಾಗಿಸುತ್ತಾನೆ. ಲೈನ್ ಮನೆಯಲ್ಲಿರುವವರಿಗೆ ಎಷ್ಟೋ ಸಲ ಧಣಿಯ ಮುಖವೇ ಗೊತ್ತಿರುವುದಿಲ್ಲ.

ಈಗ ಆಟದೊಳಗಿನ ಮಾತುಗಳನ್ನು ಸಾಲಾಗಿ ಇಡಿ. ಮೊದಲ ಆಟದ ಕೊನೆಗೆ ಅವನು ಗಾರ್ಡನ್‌ನ ಆಯುಧಗಳನ್ನು ಕಿತ್ತುಕೊಂಡು, ಜೆನ್ ಸದ್ಯಕ್ಕೆ ‘ನಮ್ಮ’ ಹಿಡಿತದಲ್ಲಿದೆ ಅನ್ನುತ್ತಾನೆ. ಕೆಲಸ ಒಪ್ಪಿದರೆ ಪರದೆಯ ಮೇಲೆ ‘ನೇಮಕವಾಗಿದೆ, ಮುಂದಿನ ಕೆಲಸಕ್ಕೆ ಕಾಯುತ್ತಿದೆ’ ಎಂಬ ಷರಾ. ಒಪ್ಪದಿದ್ದರೆ ಗೆಲ್ಲಲಾಗದ ಕಾಳಗದ ನಡುವೆ ಬರಿಗೈಯಲ್ಲಿ ಬಿಡುತ್ತಾನೆ. ಹಾಫ್-ಲೈಫ್ 2ರ ಕೊನೆಯಲ್ಲಿ ಕಂಬೈನ್ ಪರವಾಗಿ ಭೂಮಿ ಆಳುವ ಡಾ. ಬ್ರೀನ್ ಗಾರ್ಡನ್‌ಗೆ ಹಂಗಿಸುತ್ತಾನೆ, ನಿನ್ನ ಕರಾರು ಹೆಚ್ಚು ಬೆಲೆ ಕೂಗಿದವರಿಗೆ ಸಿಗುವಂಥದ್ದು ಗೊತ್ತಾ ಎಂದು. ಸ್ವಲ್ಪ ಹೊತ್ತಿಗೆ ಜಿ-ಮ್ಯಾನೇ ಬಂದು ನಿನ್ನ ಸೇವೆ ಕೇಳಿ ಒಳ್ಳೊಳ್ಳೆ ಆಫರ್ ಬಂದಿವೆ ಅನ್ನುತ್ತಾನೆ. ಆಮೇಲೆ ಕಾಲವಿಲ್ಲದ ಜಾಗದಲ್ಲಿ ಗಾರ್ಡನ್‌ನನ್ನು ಎತ್ತಿಡುತ್ತಾನೆ. ಕುಯ್ಲು ಮುಗಿಯಿತು, ಮುಂದಿನ ಕುಯ್ಲಿನವರೆಗೆ ಆಳು ಲೈನ್‌ನಲ್ಲಿ. ವ್ಯತ್ಯಾಸ ಒಂದೇ. ತೋಟದ ಆಳು ಹಟ್ಟಿಗೆ ಮರಳಬಹುದು, ಗಾರ್ಡನ್‌ಗೆ ಆ ದಾರಿ ಇಲ್ಲ.

ಮೇಸ್ತ್ರಿ ಅಂದ್ರೆ ಇಷ್ಟೊಂದು ಶಕ್ತಿ ಯಾಕೆ? ಕಾಲ ನಿಲ್ಲಿಸ್ತಾನಲ್ಲ!

ಅವನು ಏನು ಮಾಡಬಲ್ಲ ಅನ್ನುವುದಕ್ಕಿಂತ ಅವನನ್ನು ಏನು ತಡೆಯುತ್ತದೆ ಅನ್ನುವುದನ್ನು ಬರೆದುಕೊಳ್ಳಿ. ಎಪಿಸೋಡ್ ಒನ್‌ನ ಶುರುವಿನಲ್ಲಿ ವೋರ್ಟಿಗಾಂಟ್‌ಗಳು ಅವನನ್ನು ಸುತ್ತುವರಿದು ಗಾರ್ಡನ್‌ನನ್ನು ಬಿಡಿಸಿಕೊಂಡು ಹೋಗುತ್ತವೆ. ನೋಡೋಣ ಬಿಡಿ ಎಂದು ಗೊಣಗುವುದು ಬಿಟ್ಟು ಅವನಿಗೆ ಬೇರೇನೂ ಆಗುವುದಿಲ್ಲ. ಎಪಿಸೋಡ್ ಟುವಿನಲ್ಲಿ ಮತ್ತೆ ಬರುವುದೂ ಅವು ಅಲಿಕ್ಸ್‌ಳ ಗಾಯ ವಾಸಿಮಾಡುವುದರಲ್ಲಿ ಮುಳುಗಿದ್ದಾಗ ಮಾತ್ರ. ಅಲಿಕ್ಸ್ ಆಟದಲ್ಲಿ ಕಂಬೈನ್ ಅವನನ್ನು ತೇಲುವ ಸೆರೆಮನೆಯೊಂದರಲ್ಲಿ ಕೂಡಿಹಾಕಿರುತ್ತದೆ. ಬಿಡಿಸಿದ ಹುಡುಗಿ, ಭೂಮಿಯಿಂದ ಕಂಬೈನ್ ಓಡಿಸು ಅಂದರೆ, ಅದು ತೀರಾ ದೊಡ್ಡ ತಳ್ಳು, ನನ್ನ ಧಣಿಗಳ ಹಿತಕ್ಕೆ ಹೊಂದುವುದಿಲ್ಲ ಅನ್ನುತ್ತಾನೆ.

ಸರ್ವಶಕ್ತ ಅನ್ನುವ ಎಲ್ಲ ಥಿಯರಿಗಳೂ ಈ ಮೂರು ಜಾಗದಲ್ಲಿ ಬೀಳುತ್ತವೆ. ಕಂಬೈನ್‌ನ ಏಜೆಂಟ್ ಅನ್ನುವ ಥಿಯರಿಗೆ ಆ ಸೆರೆಮನೆ ಒಂದೇ ಸಾಕು.

ಅವನು ಆಟ ಮಾಡಿದವರದೇ ರೂಪ ಅಂತ ಓದಿದೆ. ಅದೇನು?

ಥಿಯರಿಗಿಂತ ಒಳ್ಳೆಯ ಓದು ಅನ್ನಬಹುದು. ನಿಮ್ಮನ್ನು ಆಟದೊಳಗೆ ಇಳಿಸುವವನು ಅವನು, ಆಯುಧ ಕಿತ್ತುಕೊಳ್ಳುವವನು ಅವನು, ಒಂದು ಆಟ ಮುಗಿದು ಇನ್ನೊಂದು ಬರುವವರೆಗೆ ನಿಮ್ಮನ್ನು ಕತ್ತಲಲ್ಲಿ ಇಡುವವನೂ ಅವನೇ. ಆಯ್ಕೆ ನಿಮ್ಮದೆಂಬ ಭ್ರಮೆ ಕೊಡುವ ಬದಲು ನಾನೇ ಆರಿಸುತ್ತೇನೆ ಎಂದು ಅವನು ಹೇಳುವಾಗ ಮಾತು ನೇರ ಆಡುವವರಿಗೇ ತಾಗುತ್ತದೆ. ಇದು ನಿಜವಾದರೂ ಕಥೆಯೊಳಗಿನ ಅವನ ಧಣಿ ಯಾರೆಂದು ತಿಳಿಯುವುದಿಲ್ಲ. ಎರಡನ್ನೂ ಬೆರೆಸಬೇಡಿ.

## ಆಳಕ್ಕೆ ಇಳಿದವರಿಗೆ

ಬ್ಲ್ಯಾಕ್ ಮೆಸಾದ ಅನಾಹುತ ಮಾಡಿಸಿದ್ದು ಅವನೇನಾ?

ಸಾಮಾನು ಒದಗಿಸಿದ್ದು ಅವನೇ. ಪ್ರಯೋಗದ ದಿನದ ಹರಳು ಅಲ್ಲಿಯವರೆಗೆ ಸಿಕ್ಕಿದ್ದರಲ್ಲೇ ಅತಿ ಶುದ್ಧವಾದದ್ದು, ಅದನ್ನು ತರಲು ಸಾಕಷ್ಟು ಪಾಡು ಪಟ್ಟಿದ್ದಾರೆ, ಆಡಳಿತಾಧಿಕಾರಿಗೆ ಫಲಿತಾಂಶ ಬೇಕೇ ಬೇಕು: ಇಷ್ಟನ್ನು ಮೊದಲ ಆಟದ ವಿಜ್ಞಾನಿಗಳೇ ಹೇಳುತ್ತಾರೆ. ತಂದವನು ಯಾರು ಎಂಬುದನ್ನು ಏಲಿ ಎಪಿಸೋಡ್ ಟುವಿನಲ್ಲಿ ಬಿಚ್ಚಿಡುತ್ತಾನೆ. ಊಹಿಸದ ಪರಿಣಾಮಗಳಿಗೆ ಸಿದ್ಧನಾಗಿರು ಎಂದು ಆಗ ಅವನು ಏಲಿಯ ಕಿವಿಯಲ್ಲಿ ಹೇಳಿದ ಮಾತೇ ಈಗ ಅಲಿಕ್ಸ್‌ಳ ಬಾಯಲ್ಲಿ ಬರುತ್ತದೆ. ಮೊದಲ ಆಟದ ಒಂದು ಅಧ್ಯಾಯದ ಹೆಸರೂ ಅದೇ.

ಕಂಬೈನ್ ಭೂಮಿಗೆ ಬರಲಿ ಅಂತಲೇ ಮಾಡಿಸಿದನೇ? ಆಟದಲ್ಲಿ ಅದಕ್ಕೆ ಆಧಾರವಿಲ್ಲ. ಜೆನ್ ಅವನವರ ಕೈಗೆ ಸಿಕ್ಕಿತು ಅನ್ನುವುದಕ್ಕೆ ಮಾತ್ರ ಅವನ ಬಾಯಿಮಾತೇ ಇದೆ.

ಪುಟ್ಟ ಅಲಿಕ್ಸ್‌ನ ಬ್ಲ್ಯಾಕ್ ಮೆಸಾದಿಂದ ಕಾಪಾಡಿದ್ದು ಯಾಕೆ? ಕರುಣೆನಾ?

ಕರುಣೆ ಇದ್ದರೆ ಅವಳ ತಾಯಿಯನ್ನೂ ಉಳಿಸುತ್ತಿದ್ದ. ಅವನೇ ಹೇಳುವ ಪ್ರಕಾರ ಆ ಮಗುವಿನಿಂದ ಯಾರಿಗೂ ಪ್ರಯೋಜನವಿಲ್ಲ ಎಂದು ಆಕ್ಷೇಪಿಸಿದವರಿದ್ದರು, ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಇಲ್ಲಿ ಗಮನಿಸಬೇಕಾದದ್ದು ಆಕ್ಷೇಪ. ಅವನ ಜೊತೆಗೋ ಮೇಲೋ ಬೇರೆಯವರಿದ್ದಾರೆ, ಅವರಲ್ಲೂ ಒಮ್ಮತ ಇಲ್ಲ. ಒಳ್ಳೆ ಮೇಸ್ತ್ರಿಗೆ ಮುಂದಿನ ವರ್ಷದ ಆಳಿನ ಮೇಲೂ ಕಣ್ಣಿರುತ್ತದೆ.

ಆಪೋಸಿಂಗ್ ಫೋರ್ಸ್‌ನ ಸಾಕ್ಷಿ ಒಪ್ಪಬಹುದಾ?

ಅದನ್ನು ಮಾಡಿದ್ದು ವಾಲ್ವ್ ಅಲ್ಲ, ಗೇರ್‌ಬಾಕ್ಸ್. ಆದ್ದರಿಂದ ಎರಡನೇ ದರ್ಜೆಯ ಸಾಕ್ಷಿ ಅಂತ ಗುರುತು ಹಾಕಿ ಬಳಸಿ. ಆದರೂ ಬಿಡುವ ಹಾಗಿಲ್ಲ. ಯೋಧ ಏಡ್ರಿಯನ್ ಶೆಫರ್ಡ್ ಸಾಯುವ ಸ್ಥಿತಿಯಲ್ಲಿದ್ದಾಗ ಬಾಗಿಲು ತೆರೆದು ಉಳಿಸುವವನೂ ಇವನೇ, ಅವನು ಕಷ್ಟಪಟ್ಟು ಆರಿಸಿದ ಅಣುಬಾಂಬನ್ನು ಮತ್ತೆ ಚಾಲೂ ಮಾಡುವವನೂ ಇವನೇ. ಕೊನೆಗೆ ಶೆಫರ್ಡ್‌ನನ್ನು ಯಾರಿಗೂ ಸಿಗದ ಜಾಗದಲ್ಲಿ ತಡೆದಿಡುತ್ತಾನೆ. ಕೆಲಸ ಕೊಡಲಿಲ್ಲ, ಕೊಲ್ಲಲೂ ಇಲ್ಲ. ಪರದೆಯ ಮೇಲಿನ ‘ತಡೆದಿಡಲಾಗಿದೆ’ ಎಂಬ ಷರಾ ಇನ್ನೂ ಹಾಗೇ ಇದೆ.

ಕಥೆ ಬರೆದವರೇ ಬರದೇ ಉಳಿದ ಎಪಿಸೋಡ್ ಥ್ರೀ ಆಟದ ಕಥೆ ಹೊರಗೆ ಹಾಕಿದ್ದರಲ್ಲ, ಅದರಲ್ಲಿ ಉತ್ತರ ಇಲ್ವಾ?

ಮಾರ್ಕ್ ಲೇಡ್ಲಾ 2016ರಲ್ಲಿ ವಾಲ್ವ್ ಬಿಟ್ಟು, 2017ರ ಆಗಸ್ಟ್‌ನಲ್ಲಿ ಹೆಸರು, ಲಿಂಗ ಎಲ್ಲ ಬದಲಿಸಿ ಪತ್ರದ ರೂಪದಲ್ಲಿ ಒಂದು ಕಥೆ ಹಾಕಿದರು. ಅದರಲ್ಲೂ ಜಿ-ಮ್ಯಾನ್‌ಗೆ ಸಮನಾದ ಪಾತ್ರ ಅಲಿಕ್ಸ್‌ಗೆ ಸಮನಾದವನನ್ನು ಕರೆದೊಯ್ದು ಗಾರ್ಡನ್‌ಗೆ ಸಮನಾದವಳನ್ನು ಬಿಟ್ಟುಹೋಗುತ್ತದೆ. 2020ರ ಆಟ ಅದೇ ಜಾಗಕ್ಕೆ ಬೇರೆ ದಾರಿಯಿಂದ ಬಂತು. ಆಸಕ್ತಿಗೆ ಓದಿ, ಪುರಾವೆಗೆ ಬೇಡ.

ನನ್ನದೇ ಒಂದು ಥಿಯರಿ ಇದೆ. ಸರಿಯಾ ತಪ್ಪಾ ನೋಡೋದು ಹೆಂಗೆ?

ಒಂದು ನೋಟ್‌ಬುಕ್ಕಿನಲ್ಲಿ ಮೂರು ಅಂಕಣ ಎಳೆಯಿರಿ: ಆಟದಲ್ಲಿ ಕಣ್ಣಾರೆ ಕಂಡದ್ದು, ಪಾತ್ರಗಳು ಬಾಯಲ್ಲಿ ಹೇಳಿದ್ದು, ನೀವು ಊಹಿಸಿದ್ದು. ಪಾತ್ರಗಳು ಸುಳ್ಳು ಹೇಳಬಹುದು, ಬ್ರೀನ್ ಹೇಳುವುದೇ ಜಾಸ್ತಿ, ಹಾಗಾಗಿ ಎರಡನೇ ಅಂಕಣದಲ್ಲಿ ಹೇಳಿದವರ ಹೆಸರೂ ಇರಲಿ. ಮೂರನೇ ಅಂಕಣವೇ ಉದ್ದವಾದರೆ ಥಿಯರಿ ಇನ್ನೂ ಹಣ್ಣಾಗಿಲ್ಲ. ಆಮೇಲೆ ಈ ನಾಲ್ಕು ಕೇಳಿ: ಅವನಿಗೆ ಬೇರೆಯವರ ಕೈ ಯಾಕೆ ಬೇಕು? ಧಣಿಗಳಿಗೆ ಯಾಕೆ ಹೆದರುತ್ತಾನೆ? ವೋರ್ಟಿಗಾಂಟ್‌ಗಳು ತಡೆದದ್ದು ಹೇಗೆ? ಕಂಬೈನ್ ಅವನನ್ನು ಯಾಕೆ ಕೂಡಿಹಾಕಿತು?

ಹೆಚ್ಚಿನ ಥಿಯರಿ ಹಾಳಾಗುವುದು ತಪ್ಪು ಮೂಲದಿಂದ. ಬ್ಲ್ಯಾಕ್ ಮೆಸಾ ಅನ್ನುವ 2020ರ ಆಟ ಮೊದಲ ಹಾಫ್-ಲೈಫ್‌ನ ಮರುನಿರ್ಮಾಣ, ಬೇರೆ ತಂಡದ್ದು. ಅದರಲ್ಲಿ ಸೇರಿಸಿದ ದೃಶ್ಯವನ್ನು ಮೂಲ ಆಟದ ಲೆಕ್ಕಕ್ಕೆ ಹಿಡಿಯಬೇಡಿ. ಆಟದ ಬೊಂಬೆಗಳನ್ನು ಬೇಕಾದ ಹಾಗೆ ಆಡಿಸಬಹುದಾದ ಗ್ಯಾರೀಸ್ ಮಾಡ್‌ನಲ್ಲಿ ಮಾಡಿದ ತಮಾಷೆ ವಿಡಿಯೋಗಳದ್ದೂ ಅದೇ ಕಥೆ.

ಹಾಗಾದ್ರೆ ಈಗ ಗಾರ್ಡನ್ ಯಾರ ಆಳು?

ಅಲಿಕ್ಸ್ ಆಟದ ಕೊನೆಯಲ್ಲಿ ಜಿ-ಮ್ಯಾನ್ ಅವಳಿಗೆ ಮುಂದೆ ನಡೆಯುವ ತಂದೆಯ ಸಾವನ್ನು ತೋರಿಸುತ್ತಾನೆ. ಅವಳು ಅದನ್ನು ತಪ್ಪಿಸುತ್ತಾಳೆ. ಕೂಲಿ ಮುಂಗಡವಾಗಿ ಸಿಕ್ಕಿತು, ಕರಾರು ಅವಳ ಮೇಲೆ ಬಿತ್ತು. ಎಪಿಸೋಡ್ ಟು ಮುಗಿದ ಅದೇ ಹೆಲಿಕಾಪ್ಟರ್ ಶೆಡ್ಡಿನಲ್ಲಿ ಗಾರ್ಡನ್ ಕಣ್ಣು ಬಿಟ್ಟಾಗ ಏಲಿ ಬದುಕಿದ್ದಾನೆ, ಮಗಳು ಇಲ್ಲ. ನಡೆದದ್ದೇನೆಂದು ಏಲಿಗೆ ಕೂಡಲೇ ಹೊಳೆಯುತ್ತದೆ, ಅವನಿಗೆ ಆ ಮೇಸ್ತ್ರಿಯ ಪರಿಚಯ ಹಳೆಯದು. ಗಾರ್ಡನ್‌ಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕರಾರಿಲ್ಲ. ಡಾಗ್ ಎಂಬ ರೋಬೋಟ್ ಅವನ ಆಯುಧವಾದ ಕ್ರೋಬಾರ್ ತಂದಿದೆ, ಏಲಿ ಅದನ್ನು ಅವನ ಕಡೆ ಚಾಚುತ್ತಾನೆ.